ಸಚಿವರ ಮಾತಿಗೆ ಜಯಶ್ರೀಯ ಕನ್ನಡ

ಕುರುಗೋಡಿನ ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುವ ಜಯಶ್ರೀಗೆ ಮಾತೆಂದರೆ ಪ್ರಾಣ. ಆದರೂ ಹೊಸ ರಸ್ತೆಯ ಉದ್ಘಾಟನೆಗೆ ಬಳ್ಳಾರಿಗೆ ಬಂದ ಕೇಂದ್ರ ಸಾರಿಗೆ ಸಚಿವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಲು ಅವಳು ಅಳುಕುತ್ತಲೇ ವೇದಿಕೆ ಹತ್ತಿದಳು.

ಪ್ರಶ್ನೆ ಕೇಳಲು ಸಿರುಗುಪ್ಪ ಕಡೆಯ ಚನ್ನಬಸಮ್ಮ ಎದ್ದು ನಿಂತರು. "ಹೊಸ ರಸ್ತಾ ಚಲೋ ಐತ್ರಿ. ಆದ್ರ ಬಸ್ಸಿಗೆ ಕಾಯಾಕ ನಮ್ಮೂರಾಗ ನೆರಳಿಲ್ಲ. ಮಾಡಿಸಿಕೊಡ್ತೀರೇನ್ರಿ?"

ಉತ್ತರಿಸುತ್ತ ಸಚಿವರು ಮಾತಿನಲ್ಲೇ ದೇಶದ ಹೆದ್ದಾರಿ, ಬಂದರು, ವಿಮಾನ ನಿಲ್ದಾಣಗಳನ್ನೆಲ್ಲ ಸುತ್ತಿ ಬಂದರು. ಜಯಶ್ರೀ ಬೆವರೊರೆಸಿಕೊಳ್ಳುತ್ತ ಅಷ್ಟನ್ನೂ ಶುದ್ಧ ಕನ್ನಡದಲ್ಲಿ ಒಪ್ಪಿಸಿದಳು.

"ಟೀಚರಮ್ಮ, ಇದರಾಗ ನಮ್ಮ ನೆರಳು ಎಲ್ಲಿ ಬಂತವ್ವ?" ಎಂದರು ಚನ್ನಬಸಮ್ಮ. ಸಭೆ ಗೊಳ್ಳೆಂದಿತು.

ಅವರೇನಂದರೆಂದು ಸಚಿವರು ಕೇಳಿದರು. ಮಾತನ್ನು ತುಸು ಮೆತ್ತಗೆ ಮಾಡಲೇ ಎಂದು ಜಯಶ್ರೀ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಧೈರ್ಯ ಮಾಡಿ ಇದ್ದದ್ದನ್ನು ಇದ್ದಂತೆಯೇ ಹೇಳಿಬಿಟ್ಟಳು. ಸಚಿವರು ಮನಸಾರೆ ನಕ್ಕು, ಪಕ್ಕದ ಅಧಿಕಾರಿಯನ್ನು ವಿಚಾರಿಸಿ, ಈ ಸಲ ಚುಟುಕಾಗಿ ಉತ್ತರ ಕೊಟ್ಟರು.

"ಬ್ಯಾಸಗಿಗಿ ಮೊದಲ ಮಾಡಿಸ್ತಾರಂತ್ರಿ, ಅಮ್ಮಾ!" ಎಂದು ಜಯಶ್ರೀ ಕೂಗಿದಳು. ವೇದಿಕೆಯ ಮೇಲಿದ್ದೇನೆಂಬುದನ್ನೇ ಮರೆತು ಊರ ಮಾತು ಬಾಯಿಗೆ ಬಂದಿತ್ತು. ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು.

ಹೇಳಿದಂತೆ ಬೇಸಿಗೆಗೆ ಮೊದಲೇ ಆ ಊರಲ್ಲಿ ಬಸ್ ತಂಗುದಾಣ ಎದ್ದಿತು. ಚನ್ನಬಸಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಶಾಲೆಗೇ ಬಂದು, "ಕುಂತು ನೋಡೀನ್ರಿ ಟೀಚರಮ್ಮ, ತಂಪೈತಿ" ಎಂದರು.