ಬೀಗರಿಗೆ ಬೆಟ್ಟದ ಮೆಟ್ಟಿಲು ತೋರಿಸಿದ್ದು

ಹುಬ್ಬಳ್ಳಿಯ ಬೀಗರಿಗೆ ಮೈಸೂರು ತೋರಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಅವರ ಬಾಯಿಂದ ಒಂದಾದರೂ ಹೊಗಳಿಕೆ ಹೊರಡಿಸದೆ ಕಳಿಸಿದರೆ ಊರಿನ ಮಾನ ಹೋದಂತೆ. ನಿನ್ನೆ ಅರಮನೆಯನ್ನು ಸುತ್ತು ಹಾಕಿ ನೋಡಿದವರು, "ಇದಕ್ಕ ಬಣ್ಣ ಹಚ್ಚಾಕ ಭಾಳ ದಿನಾ ಹಿಡೀತಾವೇನ್ರಿ?" ಎಂದು ಮಾತ್ರ ವಿಚಾರಿಸಿದರು. ಹಾಗಾಗಿ ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು.

"ಚಿಕ್ಕಂದಿನಿಂದ ಹತ್ತಿದ ಬೆಟ್ಟ" ಎಂದು ಹೊರಟ ನಾನು, ದೊಡ್ಡ ನಂದಿ ಕಣ್ಣಿಗೆ ಬೀಳುವ ಮೊದಲೇ ಒಂದು ಮೆಟ್ಟಿಲ ಮೇಲೆ ಆಸೀನನಾದೆ. ನಡುವಯಸ್ಸಿನ ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಬಾಗಿ, ಅರಿಶಿನ ಕುಂಕುಮ ಹಚ್ಚುತ್ತ, ಹರಕೆ ತೀರಿಸುತ್ತ ಕೆಳಗಿನಿಂದ ಬಂದು ನನ್ನ ಮುಂದೆ ನಿಂತರು.

"ವಸಿ ಏಳಿ ಸ್ವಾಮಿ. ನೀವು ಕೂತಿರೋ ಮೆಟ್ಲು ಬುಟ್ಟೋದ್ರೆ ಹರಕೆ ಕೆಡ್ತದೆ."

ಕಂಬಿ ಹಿಡಿದು ಎದ್ದೆ. ಅವರು ಆ ಮೆಟ್ಟಿಲಿಗೂ ಕುಂಕುಮವಿಟ್ಟು, ಸೊಂಟಕ್ಕೆ ಒಂದು ಗಳಿಗೆಯ ವಿಶ್ರಾಂತಿಯನ್ನೂ ಕೊಡದೆ ಮುಂದಿನದಕ್ಕೆ ಬಾಗಿದರು.

ಬೀಗರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮ್ಯಾಲಿನ ತನಕಾ ಹಿಂಗ ಬಗ್ಗಕೋಂತ ಹೋಗ್ತಾರೇನ್ರಿ? ಗಟ್ಟಿ ಮಂದಿ ಬಿಡ್ರಿ ನಿಮ್ಮೂರವರು."

"ನಮ್ಮೂರಿನವರೆಲ್ಲ ಹಾಗೇ" ಎಂದೆ. ಇನ್ನೂ ಹೇಳುವುದಿತ್ತು, ಉಸಿರು ಸಾಲಲಿಲ್ಲ.