ನಾನು ಚುಕ್ಕಿ ಇಟ್ಟದ್ದು ಎಲ್ಲಿ?

ಚರ್ಮಕ್ಕೆ ಗಾಯವಾದರೆ ಅಕ್ಕಪಕ್ಕದ ಜೀವಕೋಶಗಳು ಸರಿದು ಬಂದು ಅದನ್ನು ಮುಚ್ಚುತ್ತವೆ. ಅವು ಹೇಗೆ ಸರಿಯುತ್ತವೆ ಎಂದು ನೋಡಲು ವಿಜಯಪುರದಲ್ಲಿ ನಾವು ಮೂವರು ಸೇರಿದ್ದೆವು. ಕೋಶ ಬೆಳೆಸುವುದು ನನ್ನ ಕೆಲಸ. ಅವು ನಡೆಯಲು ಒಂದು ಮೆತ್ತನೆಯ ಹಾಸು, ಒಂದು ಗಟ್ಟಿ ಹಾಸು ಮಾಡಿಕೊಡುವವರು ಬಬಲೇಶ್ವರದಿಂದ ದಿನವೂ ಬಸ್ಸಿನಲ್ಲಿ ಬರುವ ಭೌತಶಾಸ್ತ್ರದ ಸರ್. ಸೂಕ್ಷ್ಮದರ್ಶಕ ಹತ್ತು ನಿಮಿಷಕ್ಕೊಮ್ಮೆ ತೆಗೆದ ಚಿತ್ರಗಳಿಂದ ಕೋಶದ ದಾರಿ ಅಳೆಯುವವಳು ತಿಕೋಟಾದ ಹುಡುಗಿ, ಕಂಪ್ಯೂಟರ್ ಓದಿದವಳು.

ಅವಳ ಪ್ರೋಗ್ರಾಮಿಗೆ ಕಲಿಸಲು ಮೊದಲ ಚಿತ್ರಗಳಲ್ಲಿ ಪ್ರತಿ ಕೋಶ ಎಲ್ಲಿದೆಯೆಂದು ಕೈಯಿಂದಲೇ ಚುಕ್ಕಿ ಇಡಬೇಕಿತ್ತು. ಎಲ್ಲವನ್ನೂ ನಾನೇ ಇಟ್ಟೆ. ಮೆತ್ತನೆಯ ಹಾಸಿನ ಮೇಲೆ ಕೋಶಗಳ ವೇಗ ಅರ್ಧಕ್ಕರ್ಧ ಕಡಿಮೆ ಎಂದು ಬಂತು. ನಮ್ಮ ಅಧ್ಯಯನದಲ್ಲಿ ಹೊಸದೆಂಬುದು ಅದೊಂದೇ. ಅದನ್ನೇ ನಂಬಿ ನಾನು ಪ್ರಬಂಧದ ಮೊದಲ ಸಾಲು ಬರೆದಿದ್ದೆ.

ಒಂದು ದಿನ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಸರ್ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನನ್ನ ಚುಕ್ಕಿಗಳನ್ನು ನೋಡಿದರು.

"ಮೇಡಂ, ನೀವು ಚುಕ್ಕಿ ಇಟ್ಟಿದ್ದು ಸೆಲ್ಲಿನ ಮುಂದಿನ ಅಂಚಿಗೆ. ಬಬಲೇಶ್ವರ ಬಸ್ಸಿನ ಬಂಪರ್ ಸ್ಟ್ಯಾಂಡ್ ಮುಟ್ಟಿದ ಕೂಡಲೇ ನಾ ಮುಟ್ಟಿದಂಗ ಆತೇನ್ರಿ? ನಾ ಹಿಂದಿನ ಸೀಟಿನ್ಯಾಗ ಕುಂತಿರ್ತೀನಿ!"

ನನ್ನ ನೆನಪಿನಲ್ಲಿ ನಾನು ನಕ್ಕೆ. ದಿನಚರಿಯಲ್ಲಿ ಮಾತ್ರ 'ಸಿಟ್ಟು ಬಂತು, ಚಹಾ ಬಿಟ್ಟು ಎದ್ದೆ' ಎಂದಿದೆ. ದಿನಚರಿಯನ್ನೇ ನಂಬುತ್ತೇನೆ. ಸರ್ ಹೇಳಿದ್ದು ನಿಜವಾಗಿತ್ತು. ಗಟ್ಟಿ ಹಾಸಿನ ಮೇಲೆ ಕೋಶ ತನ್ನ ಅಂಚನ್ನು ಆಗಾಗ ಚಾಚಿ, ಮತ್ತೆ ಒಳಗೆಳೆದುಕೊಳ್ಳುತ್ತದೆ. ಆ ಚಾಚಾಟವನ್ನೂ ನಾನು ನಡಿಗೆಯೆಂದು ಎಣಿಸಿದ್ದೆ. ಕೋಶ ಇದ್ದ ಜಾಗವನ್ನು ಗುರುತಿಸಿದ್ದೆನೋ, ಅದು ಹೋಗಲಿ ಎಂದು ನಾನು ಬಯಸಿದ ಜಾಗವನ್ನೋ?

ಮೂವರೂ ಹೊಸದಾಗಿ ಚುಕ್ಕಿ ಇಡುವುದೆಂದು ನಿರ್ಧಾರವಾಯಿತು. ಯಾವ ಚಿತ್ರ ಯಾವ ಹಾಸಿನದೆಂದು ಯಾರಿಗೂ ತಿಳಿಯಬಾರದು. ರವಿವಾರ ಲ್ಯಾಬಿಗೆ ಬೀಗ. ಹುಡುಗಿಯ ತಾಯಿ ಬಹಳ ದಿನದಿಂದ ಊಟಕ್ಕೆ ಕರೆಯುತ್ತಿದ್ದರು. ತಿಕೋಟಾಕ್ಕೆ ಹೋದೆವು. ಅವರ ಮನೆ ಮುಂದಿನ ಒಣದ್ರಾಕ್ಷಿ ಶೆಡ್ಡಿನ ನೆರಳಲ್ಲಿ ಚಾಪೆ ಹಾಸಿ ಕುಳಿತೆವು. ಚಿತ್ರಗಳ ಹೆಸರು ಬದಲಿಸಿ ಕಲಸಿಟ್ಟ ಪ್ರೋಗ್ರಾಮು, ಯಾವುದು ಯಾವ ಹಾಸಿನದೆಂಬ ಗುಟ್ಟಿನ ಪಟ್ಟಿಯನ್ನು ಮುದ್ರಿಸಿಕೊಟ್ಟಿತ್ತು. ಹುಡುಗಿ ಅದನ್ನು ನೋಡದೆಯೇ ಮಡಚಿ ತಾಯಿಯ ಕೈಗಿತ್ತಳು.

"ಯವ್ವಾ, ಯಾರ್ ಕೇಳಿದ್ರೂ ಕೊಡಬ್ಯಾಡ ಬೇ. ನಾ ಕೇಳಿದ್ರೂ."

ಅವರು ಅದನ್ನು ಎಲೆ-ಅಡಿಕೆಯ ಸಂಚಿಗೆ ಹಾಕಿ ದಾರ ಬಿಗಿದರು. ಅರ್ಧ ತಾಸಿನಲ್ಲೇ ಸರ್ ಮೆಲ್ಲಗೆ ಎದ್ದು ಹೋಗಿ, "ಯವ್ವಾ, ಒಂದು ಎಲಿ ಕೊಡ್ರಿ" ಎಂದರು.

"ಸರ, ಮೂರು ಮಕ್ಕಳನ್ನ ಸಾಲಿ ಕಲಿಸೇನಿ. ಕಾಪಿ ಹೊಡಿಯೂ ಮಂದಿ ಮಾರಿ ನನಗ ಗೊತ್ತಾಗ್ತೈತಿ. ಹೋಗಿ ಬರೀರಿ, ಹೋಗ್ರಿ."

ಈಗ ಕೋಶದ ನಟ್ಟನಡುವೆ ಚುಕ್ಕಿ ಇಡಬೇಕಿತ್ತು. ಗೊತ್ತಿದ್ದೂ ನನ್ನ ಕೈ ಮುಂದಕ್ಕೇ ಜಾರುತ್ತಿತ್ತು. ಪಕ್ಕದಿಂದ ಹುಡುಗಿ, "ಮೇಡಂ, ಮತ್ತ ಬಂಪರಿಗೆ ಹೊಂಟ್ರಿ" ಎನ್ನುತ್ತಿದ್ದಳು. ಊಟಕ್ಕೆ ಎರಡು ಸಲ ಕರೆದರೂ ನಾವು ಏಳಲಿಲ್ಲ. ಮೂರನೆಯ ಸಲಕ್ಕೆ ಕೆಲಸ ಮುಗಿದಿತ್ತು.

ಸಂಚಿ ಬಿಚ್ಚಿದಾಗ ಚೀಟಿಗೆ ಸುಣ್ಣ ಹತ್ತಿತ್ತು. ಹುಡುಗಿ ಲೆಕ್ಕ ಹಾಕುವಷ್ಟು ಹೊತ್ತು ನಾನು ಪರದೆ ನೋಡಲಿಲ್ಲ. ವ್ಯತ್ಯಾಸವೇ ಇಲ್ಲ ಎಂದು ಬಂದರೆ ಬರೆಯಲು ಏನೂ ಉಳಿಯುತ್ತಿರಲಿಲ್ಲ.

"ಐತ್ರಿ ಮೇಡಂ! ಮೂರೂ ಮಂದಿ ಚುಕ್ಕಿಯೊಳಗೂ ಐತಿ. ಆದ್ರ ಅರ್ಧ ಅಲ್ಲ. ತುಸು."

ಸರ್ ನನ್ನ ಮುಖವನ್ನೇ ನೋಡುತ್ತಿದ್ದರು. ತಾಯಿ ಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಪಾಸಾದ್ರೋ ಇಲ್ಲೋ?"

"ಆದಿವ್ರಿ. ಮಾರ್ಕ್ಸ್ ಕಡಿಮಿ ಬಂದಾವ," ಎಂದೆ. ಈ ಸಲ ನಿಜವಾಗಿಯೂ ನಗು ಬಂತು.

ಹುಡುಗಿ ಪ್ರಬಂಧ ತೆರೆದು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. "ನೀವ ಬರದಿದ್ದು, ನೀವ ಅಳಸ್ರಿ."

ಮೊದಲ ಸಾಲಿನ 'ಅರ್ಧಕ್ಕರ್ಧ'ವನ್ನು ಅಳಿಸಿ 'ತುಸು' ಎಂದು ಬರೆದೆ. ಆಮೇಲೆ ಕೈ ತೊಳೆದು ಮೂವರೂ ಊಟಕ್ಕೆ ಒಳಗೆ ಹೋದೆವು.