ಎಡೆ ಒಲ್ಲದ ಸಿಪಾಯಿ

ದೆವ್ವ, ಆತ್ಮ ಎಂದು ಯಾರಾದರೂ ಮಾತು ಶುರುಮಾಡಿದರೆ ಎದ್ದು ಹೋಗುವವನು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರಲೂ ಆಗುತ್ತಿಲ್ಲ. ನಗುವವರು ನಗಲಿ. ನಕ್ಕಾದ ಮೇಲೆ ನನಗೊಂದು ನೆಟ್ಟಗಿನ ಉತ್ತರ ಕೊಡಲಿ.

ನನಗೆ ಹಳೆಯ ಫೋಟೋಗಳ ಹುಚ್ಚು. ಅದರಲ್ಲೂ ಎರಡನೇ ಮಹಾಯುದ್ಧಕ್ಕೆ ಹೊರಡುವ ಮುಂಚೆ ಹುಡುಗರು ಸ್ಟುಡಿಯೋಗೆ ಹೋಗಿ, ಸಮವಸ್ತ್ರ ತೊಟ್ಟು ತೆಗೆಸಿಕೊಂಡ ಚಿತ್ರಗಳೆಂದರೆ ಪ್ರಾಣ. ನಗರ್ತಪೇಟೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೊಂದು ಸಿಕ್ಕಿತು. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಅಳತೆಗಿಂತ ದೊಡ್ಡ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಒಂದು ಬೂಟಿನ ಲಾಡಿ ಬಿಚ್ಚಿಕೊಂಡಿದೆ. ಫೋಟೋದ ಹಿಂಬದಿಯಲ್ಲಿ ಹೆಸರಿಲ್ಲ, ಸ್ಟುಡಿಯೋದ ಮುದ್ರೆಯೂ ಅಳಿಸಿಹೋಗಿದೆ. ಇವನು ಯುದ್ಧದಿಂದ ತಿರುಗಿ ಬಂದನೇ ಎನ್ನುವುದೊಂದು ತಿಳಿದರೆ ಸಾಕು ಅನ್ನಿಸಿತ್ತು. ಮನೆಯವರು ಸಿಕ್ಕರೆ ಚಿತ್ರವನ್ನು ಅವರಿಗೇ ಒಪ್ಪಿಸಬೇಕೆಂದುಕೊಂಡಿದ್ದೆ.

ಕಟ್ಟು ಹಾಕಿಸಿ ತಂದ ಮರುದಿನವೇ ಮಹಾಲಯ ಅಮಾವಾಸ್ಯೆ. ಅಂದು ನಮ್ಮಲ್ಲಿ ತೀರಿಕೊಂಡವರ ಫೋಟೋಗಳಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಮುಂದೆ ಎಲೆ ಹಾಕಿ ಎಡೆ ಬಡಿಸುತ್ತೇವೆ. ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತಟ್ಟಿ ತೆಗೆಯುತ್ತೇವೆ. ಆ ಸಂಜೆ ಒಳಗೆ ಹೋಗಿ ನೋಡಿದರೆ ಅಪ್ಪ, ತಾತ, ದೊಡ್ಡಪ್ಪನ ಸಾಲಿನಲ್ಲಿ ನನ್ನ ಸಿಪಾಯಿಯೂ ಕೂತಿದ್ದಾನೆ! ಹಣೆಗೆ ಕುಂಕುಮ ಬೇರೆ.

"ಅತ್ತಿಗೆ, ಇವನ್ಯಾಕೆ ಇಲ್ಲಿ?" ಎಂದು ಕೂಗಿದೆ.

"ಹಳೇ ಫೋಟೋ ಅಲ್ವಾ, ನಿಮ್ಮ ಕಡೆ ಯಾರೋ ಹಿರಿಯರು ಅಂದ್ಕೊಂಡೆ," ಎಂದರು ಅತ್ತಿಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದುವೋ, ಮುಸಲ್ಮಾನನೋ, ಸತ್ತನೋ, ಬದುಕಿದನೋ ಗೊತ್ತಿಲ್ಲದವನನ್ನು ಸತ್ತವರ ಸಾಲಿಗೆ ಸೇರಿಸಿಬಿಟ್ಟರಲ್ಲ! ತೆಗೆಯಹೋದರೆ ಅಮ್ಮ ಅಡ್ಡ ಬಂದಳು.

"ಬಡಿಸಿದ ಎಲೆ ಮುಂದಿಂದ ಯಾರನ್ನೂ ಎಬ್ಬಿಸ್ಬಾರ್ದು ಕಣೋ."

ಬಾಗಿಲು ಮುಚ್ಚಿದೆವು. ತೆಗೆದಾಗ ಎಲ್ಲರ ಕುಂಕುಮವೂ ಇಟ್ಟ ಹಾಗೇ ಇತ್ತು. ಸಿಪಾಯಿಯ ಗಾಜು ಮಾತ್ರ ಸ್ವಚ್ಛ. ನನ್ನ ಕೂಗಾಟಕ್ಕೆ ಹೆದರಿ ಅತ್ತಿಗೆಯೇ ಒರೆಸಿರಬೇಕೆಂದು ನಾನೇ ಕುಂಕುಮ ಕಲಸಿ ಇಟ್ಟೆ. ಎಲ್ಲರನ್ನೂ ಹೊರಗೆ ಕಳಿಸಿ, ನಾನೂ ಹೊರಬಂದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಆ ಕೋಣೆಗೆ ಬೇರೆ ಬಾಗಿಲಿಲ್ಲ, ಕಿಟಕಿಗೆ ಜಾಲರಿ ಇದೆ. ಮತ್ತೆ ತೆಗೆದು ನೋಡಿದರೆ ಗಾಜಿನ ಮೇಲೆ ಏನೂ ಇಲ್ಲ. ನೆಲದ ಮೇಲೂ ಒಂದು ಚೂರು ಕೆಂಪು ಬಿದ್ದಿರಲಿಲ್ಲ.

ಅಮ್ಮ ಮೆಲ್ಲಗೆ ಹೇಳಿದಳು: "ಬದುಕಿದಾನೆ ಕಣೋ. ಬದುಕಿರೋನಿಗೆ ಎಡೆ ಇಟ್ಬಿಟ್ವಿ. ಬೇಗ ಹುಡುಕು."

ಗಾಜಿನ ದೋಷವಿರಬಹುದೆಂದು ಮರುದಿನ ಫೋಟೋ ಹೊರತೆಗೆದು ಬರಿಯ ಗಾಜಿಗೆ ಕುಂಕುಮ ಇಟ್ಟು ನೋಡಿದೆ. ಅಂಟಿಕೊಂಡೇ ಇತ್ತು. ಆಮೇಲೆ ನಂಬಿಕೆಯಿಲ್ಲದಿದ್ದರೂ ಹುಡುಕಲು ಹೊರಟೆ. ಬದುಕಿದ್ದರೆ ಆಗಲೇ ತೊಂಬತ್ತು ದಾಟಿದ ವಯಸ್ಸು, ತಡಮಾಡುವಂತಿರಲಿಲ್ಲ. ಮಾಜಿ ಸೈನಿಕರ ಕಚೇರಿಯಲ್ಲಿ "ಹೆಸರಿಲ್ಲ, ನಂಬರಿಲ್ಲ, ನಾವೇನ್ ಮಾಡೋಣ ಸಾರ್?" ಎಂದರು. ಫೇಸ್‌ಬುಕ್ಕಿನಲ್ಲಿ ಹಾಕಿದರೆ "ಸೂಪರ್ ಕಲೆಕ್ಷನ್ ಗುರು" ಎಂದು ಹೆಬ್ಬೆರಳು ಎತ್ತಿದವರೇ ಎಲ್ಲ. ಒಬ್ಬ ಪುಣ್ಯಾತ್ಮ "ಇವರು ನಮ್ಮ ತಾತನೇ" ಎಂದ. ಮಲ್ಲೇಶ್ವರದವರೆಗೆ ಓಡಿದೆ. ಆ ತಾತ ಯುದ್ಧದ ಹೊತ್ತಿಗೆ ತೊಟ್ಟಿಲಲ್ಲಿದ್ದವರು. ನಗುವುದೋ ಅಳುವುದೋ ತಿಳಿಯದೆ ಕಾಫಿ ಕುಡಿದು ಬಂದೆ. ಅಂಗಡಿಯವನನ್ನು ಕೇಳಿದರೆ ಮೂಟೆಯಲ್ಲಿ ಬಂದದ್ದು ಎನ್ನುತ್ತಾನೆ, ಯಾರ ಮನೆಯ ಮೂಟೆ ಎಂದು ಅವನಿಗೂ ಗೊತ್ತಿಲ್ಲ. ವರ್ಷಗಳು ಹೀಗೇ ಕಳೆದವು.

ಹೋದ ಮಹಾಲಯದಲ್ಲಿ ಅಮ್ಮ ಆ ಫೋಟೋ ಕೇಳಿದಳು. ಬೇಡವೆಂದೆ.

"ಇದಾನೋ ಇಲ್ವೋ ತಿಳ್ಕೊಳ್ದೆ ಹೇಗೋ ಇರೋದು?" ಎಂದು ತಾನೇ ಕುಂಕುಮ ಇಟ್ಟಳು.

ಬಾಗಿಲು ತೆಗೆದಾಗ ಕುಂಕುಮ ಹಣೆಯಲ್ಲೇ ಇತ್ತು.

ಅಮ್ಮನಿಗೆ ಅಳು ಬಂತು, ನನಗೆ ಸಿಟ್ಟು. ಇಷ್ಟು ವರ್ಷ ಆ ಮನುಷ್ಯ ಎಲ್ಲಿದ್ದರು? ದಿನಾ ಓಡಾಡುವ ಯಾವುದೋ ಬೀದಿಯಲ್ಲೇ, ಯಾವುದೋ ಕಿಟಕಿಯ ಹಿಂದೆ ಇದ್ದರೇನೋ. ಫೋಟೋದ ಮುಂದೆ ಕೂತು ಆ ಕುಂಕುಮವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಹೋದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.